ಯಜ್ಞವೇದಿಯ ಮುಂದೆ ಬಿಟ್ಟ ಜೋಳ

ಬಸ್ಸು ತಪ್ಪಬಹುದಿತ್ತು. ತಪ್ಪದಿದ್ದರೆ ಅದು ಅಪ್ಪನೇ ಕಂಡಕ್ಟರಾಗಿದ್ದ ಬಸ್ಸಾಗಿ, ಆರಾಧನೆಯ ಹೊತ್ತಿನಲ್ಲಿ ಹೆಂಡತಿ ಮಗಳಿಗೆ ಇಲ್ಲೇನು ಕೆಲಸವೆಂದು ಅವನು ತುಂಬಿದ ಬಸ್ಸಿನಲ್ಲಿ ಕೇಳಬಹುದಿತ್ತು. ಮಕ್ತಲ್‌ನಲ್ಲಿ ಅತ್ತೆ ಬಾಗಿಲು ತೆರೆಯದಿರಬಹುದಿತ್ತು. ತೆರೆದು, ನಮ್ಮ ಮುಖ ನೋಡಿ, ಮತ್ತೆ ಹಾಕಿಕೊಳ್ಳಬಹುದಿತ್ತು. ಅದು ಇನ್ನೂ ಕೆಟ್ಟದ್ದು. ಅಮ್ಮ ಕ್ಷಮೆ ಕೇಳಲು ಹೋಗಿ ಹಳೆಯ ಜಗಳವನ್ನೇ ಹೊಸದಾಗಿ ಆಡಿ ಬರಬಹುದಿತ್ತು. ಇತ್ತ ನಾರಾಯಣಪೇಟೆಯ ಚರ್ಚಿನಲ್ಲಿ ಅಜ್ಜಿ ಕೂತಲ್ಲೇ ಕಣ್ಣು ಮುಚ್ಚಬಹುದಿತ್ತು. ಪಾಸ್ಟರು ನಮ್ಮ ಮನೆಯವರೆಲ್ಲರ ಹೆಸರನ್ನು ಸಭೆಯಿಂದ ತೆಗೆದುಹಾಕಬಹುದಿತ್ತು. ಹಿಂದಿರುಗಿ ನೋಡಿದ್ದಕ್ಕೆ ಉಪ್ಪಿನ ಕಂಬವಾದ ಹೆಂಗಸಿನ ಕಥೆ ನನಗೆ ಗೊತ್ತಿದ್ದರಿಂದ, ಚರ್ಚಿನ ಕಡೆ ತಿರುಗಿ ನೋಡಿದರೆ ನನ್ನ ಗತಿ ಏನಾಗಬಹುದೆಂಬುದೂ ಇತ್ತು. ಜಗಳ ಬೇರೆ ಉಪ್ಪಿನಿಂದಲೇ ಶುರುವಾದದ್ದು.

ಇಷ್ಟನ್ನೂ ನಾನು ಚರ್ಚಿನ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಆಗಿನ್ನೂ ಅರ್ಧ ಟಿಕೆಟ್ಟಿನ ವಯಸ್ಸು. ತಪ್ಪು ಪೂರ್ತಿ ನನ್ನದಲ್ಲ, ಹೆಸರಿನದೂ ಇದೆ. ಯೇಸು ಮನೆಗೆ ಬಂದಾಗ ಪಾತ್ರೆ ಪಡಗಗಳ ನಡುವೆ ಒದ್ದಾಡಿ, ಬಹಳ ವಿಷಯಕ್ಕೆ ಚಿಂತೆ ಮಾಡುತ್ತೀ ಎಂದು ಹೇಳಿಸಿಕೊಂಡ ಮಾರ್ಥಳ ಹೆಸರನ್ನು ಅಜ್ಜಿ ನನಗಿಟ್ಟಳು. ತಂಗಿ ಹುಟ್ಟಿದರೆ, ಯೇಸುವಿನ ಪಾದದ ಬಳಿ ಕೂತು ಮಾತು ಕೇಳಿದ ಮಾರ್ಥಳ ತಂಗಿಯ ಹೆಸರು ಮರಿಯ ಎಂದಿಡುವುದು ನಿಶ್ಚಯವಾಗಿತ್ತಂತೆ, ಹುಟ್ಟಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಚಿಂತೆ ಮಾಡುವವಳು ಮಾತ್ರ ಉಳಿದಳು, ಪಾದದ ಬಳಿ ನೆಮ್ಮದಿಯಾಗಿ ಕೂರುವವಳು ಬರಲೇ ಇಲ್ಲ. ಈಗ ಗದ್ವಾಲಿನಲ್ಲಿದ್ದೇನೆ. ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತಿರುಗಿ ಬರುವ ಹೆಂಗಸು ಯಾರೆಂದು ನಮ್ಮ ಓಣಿಯ ನಾಯಿಗಳಿಗೂ ಗೊತ್ತು. ಮೊನ್ನೆ ಇಲ್ಲಿನ ಚರ್ಚಿನ ಹೆಂಗಸರ ಕೂಟದಲ್ಲಿ, ದೇವರ ವಾಕ್ಯಕ್ಕೆ ವಿಧೇಯರಾಗುವುದೆಂದರೆ ಏನು ಎಂಬುದರ ಮೇಲೆ ನಾಲ್ಕು ಮಾತು ಹೇಳಲು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ತಯಾರಿ ಮಾಡಿಕೊಂಡು ಹೋಗಿದ್ದೆ. ನಿಂತ ಮೇಲೆ ತಯಾರಿಯೆಲ್ಲ ಹಾರಿಹೋಗಿ, ನಾರಾಯಣಪೇಟೆಯ ಆ ಎರಡು ಖೋಲಿಗಳ ಮನೆ ಕಣ್ಣಮುಂದೆ ಬಂತು.

ಮನೆ ನೇಕಾರರ ಓಣಿಯ ಕೊನೆಯಲ್ಲಿತ್ತು. ಎರಡೂ ಗೋಡೆಗಳಾಚೆ ಮಗ್ಗ. ಪರಸಿಕಲ್ಲು ಹಾಸಿದ ನೆಲದ ಮೇಲೆ ಕಿವಿಯಿಟ್ಟು ಮಲಗಿದರೆ ಮಗ್ಗದ ಪೆಟ್ಟು ಎದೆಯಲ್ಲೇ ಬೀಳುತ್ತಿತ್ತು. ಸಂಜೆ ನಾವು ಪ್ರಾರ್ಥನೆಗೆ ಕೂತು ಹಾಡು ಎತ್ತಿಕೊಂಡೊಡನೆ ಎರಡೂ ಕಡೆಯ ಸದ್ದು ನಿಲ್ಲುತ್ತಿತ್ತು. ನಮ್ಮ ದೇವರ ಮೇಲಿನ ಮರ್ಯಾದೆಗೆ ನಿಲ್ಲಿಸುತ್ತಾರೆಂದು ಅಜ್ಜಿ ಕೊನೆಯವರೆಗೂ ನಂಬಿದ್ದಳು. ಅದು ಅವರ ಊಟದ ಹೊತ್ತೆಂದು ಅಮ್ಮ ಅವಳಿಗೆ ಹೇಳಲಿಲ್ಲ. ಅಜ್ಜಿ ಮಂಚದ ಕಾಲಿಗೆ ಒರಗಿ ಕೂರುವಳು. ಅಪ್ಪ ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಬಾಗಿಲ ಬಳಿ. ಒಲೆಯ ಮೇಲಿನ ಬೇಳೆಗೂ ದೇವರಿಗೂ ಒಟ್ಟಿಗೆ ಕಣ್ಣಿಡಬಹುದಾದ ಅಡುಗೆಮನೆಯ ಹೊಸ್ತಿಲಲ್ಲಿ ಅಮ್ಮ. ಬಲ್ಬಿನ ಕೆಳಗೆ ನಾನು, ತೊಡೆಯ ಮೇಲೆ ಬೈಬಲ್ಲು. ಚರ್ಚಿನಲ್ಲಿ ಎಲ್ಲವೂ ತೆಲುಗು. ರಾಯಚೂರು ಕಡೆಯಿಂದ ಮದುವೆಯಾಗಿ ಬಂದ ಅಜ್ಜಿಗಾಗಿ ಮನೆಯಲ್ಲಿ ಕನ್ನಡ. ಅವಳ ಕಣ್ಣು ಮಂಜಾದ ಮೇಲೆ ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಓದುವ ಕ್ರಮಕ್ಕೆ ಅಪ್ಪನ ಕಾನೂನು ನಡೆಯುತ್ತಿತ್ತು. ದಿನಕ್ಕೊಂದು ಭಾಗ, ಮೊದಲಿನಿಂದ ಕೊನೆಯವರೆಗೆ, ಸಾಲಾಗಿ. ಮತ್ತಾಯನ ಸುವಾರ್ತೆಯ ಮೊದಲ ಪುಟದ ಆ ಹೆಸರುಗಳ ಹಿಂಡನ್ನು ಕಂಡು ಇದನ್ನು ಬಿಡಲೇ ಎಂದು ನಾನು ಕೇಳಿದಾಗ ಅಪ್ಪ ಹೇಳಿದ್ದ:

“ಬಸ್ಸಂದ ಮ್ಯಾಲ ಎಲ್ಲಾ ಸ್ಟಾಪಿನ್ಯಾಗೂ ನಿಲ್ಲಬೇಕು. ನಿನಗ ಬ್ಯಾಡಾದ ಊರು ಬಂತಂತ ಬಿಟ್ಟು ಹೋಗಾಕ ಆಗಂಗಿಲ್ಲ.”

ಓದಿದ ಮೇಲಿನದು ಅಜ್ಜಿಯ ಕಾನೂನು. ನಾನು ಪುಸ್ತಕ ಮುಚ್ಚಿದ ತಕ್ಷಣ ಅವಳು ಕೇಳುವಳು:

“ಓದಿದ್ದು ಆತು. ನಾಳಿಗೇನು?”

ಅಂದರೆ, ಓದಿದ್ದರಿಂದ ನಾಳೆ ಈ ಮನೆಯಲ್ಲಿ ಏನು ಮಾಡಬೇಕು. ಓದಿದವರೇ ಹೇಳಬೇಕು, ಹೇಳಿದ್ದನ್ನು ಎಲ್ಲರೂ ಮಾಡಬೇಕು. ಬೇರೆ ಮನೆಗಳ ಮಕ್ಕಳು ಕತ್ತಲೆಗೆ ಹೆದರಿದರೆ ನಾನು ಮುಂದಿನ ಪುಟಕ್ಕೆ ಹೆದರುತ್ತಿದ್ದೆ. ಯೋಹಾನನು ಮಿಡತೆಯನ್ನೂ ಕಾಡುಜೇನನ್ನೂ ತಿಂದು ಬದುಕಿದ ಭಾಗ ಬಂದ ದಿನ ನನಗೆ ಮಧ್ಯಾಹ್ನದಿಂದಲೇ ಹೊಟ್ಟೆನೋವು. ಆ ಸಂಜೆ ಅಜ್ಜಿ ನನ್ನ ಮುಖದ ಕಡೆ ತಿರುಗಿ, “ಮಿಡತಿ ಬ್ಯಾಡ, ಜೇನು ಸಿಕ್ರ ನೋಡೋಣು” ಎಂದು ತಾನೇ ಬಿಡುಗಡೆ ಕೊಟ್ಟಳು.

ಜಗಳದ ವಿಷಯಕ್ಕೆ ಬರುತ್ತೇನೆ. ಅಜ್ಜಿಯ ಕಾಲು ಬಾತುಕೊಳ್ಳುತ್ತಿದ್ದವು. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಅಜ್ಜಿಯ ಪಾಲಿನ ಸಾರನ್ನು ಬೇರೆ ತೆಗೆಯುವ ಬದಲು ಎಲ್ಲರ ಸಾರಿನ ಉಪ್ಪನ್ನೂ ಇಳಿಸಿಬಿಟ್ಟಳು; ಒಬ್ಬಳಿಗೇ ಸಪ್ಪೆ ಬಡಿಸಿದರೆ ಮುದುಕಿಗೆ ಬೇಜಾರಾಗುತ್ತದೆಂದು. ಆ ಮಳೆಗಾಲದಲ್ಲಿ ಅಪ್ಪನ ಅಕ್ಕ ಸುಗುಣತ್ತೆ ಮಕ್ತಲ್‌ನಿಂದ ತಾಯಿಯನ್ನು ನೋಡಲು ಬಂದಳು. ಒಂದು ತುತ್ತು ಬಾಯಿಗಿಟ್ಟಳು, ಸುಮ್ಮನಾದಳು. ಮಾರನೆಯ ಭಾನುವಾರ ಚರ್ಚಿನ ಮುಂದಿನ ಬೇವಿನ ಮರದಡಿ, ಹೆಂಗಸರೆಲ್ಲ ಸೇರಿದ್ದಾಗ ಹೇಳಿದಳು:

“ನಮ್ಮವ್ವಗ ಇವರ ಮನ್ಯಾಗ ಉಪ್ಪು ಸೈತ ಸಿಗವಲ್ದು ನೋಡ್ರಿ.”

ಅಮ್ಮ ಡಾಕ್ಟರರ ಮಾತು ಹೇಳಬಹುದಿತ್ತು. ಅವಳು ಹೇಳಿದ್ದು ಬೇರೆ:

“ಉಪ್ಪಿನ ಊಟನ ಬೇಕಂದ್ರ ನಿಮ್ಮವ್ವನ್ನ ನೀವ ಮಕ್ತಲ್‌ಗೆ ಕರ್ಕೊಂಡು ಹೋಗ್ರಿ, ಅಕ್ಕಾ.”

ಅಷ್ಟು ಹೊತ್ತಿಗೆ ಅಜ್ಜಿ ಕೋಲೂರುತ್ತ ಮೆಟ್ಟಿಲ ಕೊನೆಗೆ ಬಂದಿದ್ದಳು. ಕಣ್ಣು ಮಂಜಾಗಿದ್ದವು, ಕಿವಿಗೆ ಏನೂ ಆಗಿರಲಿಲ್ಲ.

ಅತ್ತೆ ಅವತ್ತೇ ಮಕ್ತಲ್‌ಗೆ ಹೋದವಳು ಮತ್ತೆ ಬರಲಿಲ್ಲ. ಆದರೆ ಅಪ್ಪನ ಬಸ್ಸು ದಿನಾ ಮಕ್ತಲ್ ಮೇಲೆಯೇ ಗದ್ವಾಲ್‌ಗೆ ಹೋಗುತ್ತಿತ್ತು. ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಆಗಾಗ ತಾಯಿಗೆಂದು ಒಂದು ಸ್ಟೀಲಿನ ಡಬ್ಬಿ ಕೊಡುವಳು. ಅದರಲ್ಲಿ ಬೇಕಂತಲೇ ಉಪ್ಪಿನಕಾಯಿ. ಅಮ್ಮ ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ, ಖಾಲಿ ಕಳಿಸಬಾರದೆಂದು ಒಂದಿಷ್ಟು ಶೇಂಗಾ ತುಂಬಿ, ಮುಖ ಗಂಟುಹಾಕಿಕೊಂಡೇ ಅಪ್ಪನ ಕೈಗೆ ಕೊಡುವಳು. ಇಬ್ಬರು ಹೆಂಗಸರು ಮಾತು ಬಿಟ್ಟಿದ್ದರು, ಆದರೆ ಆ ಡಬ್ಬಿ ಒಂದು ದಿನವೂ ಖಾಲಿ ಓಡಾಡಲಿಲ್ಲ.

ಅಜ್ಜಿ ಯಾರನ್ನೂ ಬೈಯಲಿಲ್ಲ. ಯೇಸುವಿನ ನೆನಪಿಗೆ ಸಭೆಯವರೆಲ್ಲ ಒಂದೇ ರೊಟ್ಟಿ ಹಂಚಿಕೊಳ್ಳುವ ಪ್ರಭುವಿನ ಭೋಜನದ ಭಾನುವಾರ ರೊಟ್ಟಿಯ ತಟ್ಟೆ ತನ್ನ ಮುಂದೆ ಬಂದಾಗ ಬಾಯಿಗೆ ಸೆರಗು ಹಿಡಿದು ತಲೆಯಾಡಿಸಿದಳು. ಮುಂದಿನ ತಿಂಗಳೂ ಹಾಗೆಯೇ, ಅದರ ಮುಂದಿನ ತಿಂಗಳೂ. ಮನೆಯಲ್ಲಿ ದಿನದ ಜೋಳ ಅಳೆಯುವಾಗ ಮೊದಲು ಒಂದು ಹಿಡಿ ತೆಗೆದು ದೇವರ ಗಡಿಗೆಗೆ ಹಾಕುವುದು ನಮ್ಮಲ್ಲಿ ರೂಢಿ. ಕೂಡಿದ್ದು ಚರ್ಚಿಗೆ ಹೋಗುತ್ತದೆ. ಆ ಹಿಡಿ ಯಾವಾಗಲೂ ಅಜ್ಜಿಯದೇ. ಅದನ್ನೂ ಅವಳು ಬಿಟ್ಟಳು. ಅಮ್ಮ ಕೇಳಿದ್ದಕ್ಕೆ ಹೇಳಿದಳು:

“ನನ್ನ ಸಲುವಾಗಿ ಮನಿ ಎರಡಾಗೈತಿ. ಒಂದ ರೊಟ್ಟಿ ಮುರದು ಕೊಟ್ರ ನಾ ಹೆಂಗ ಬಾಯಿ ತಗೀಲವ್ವಾ?”

ಚಳಿಗಾಲಕ್ಕೆ ಅವಳ ಬಳೆಗಳು ಮೊಣಕೈವರೆಗೆ ಜಾರುವಂತಾದವು. ಅಮ್ಮ ಅಪ್ಪನ ಮುಂದೆ ಕೂತು ಸೊಪ್ಪು ಸೋಸುತ್ತ ಹೇಳಿದ್ದು ನನಗೆ ಕೇಳಿಸಿತು.

“ಅವ್ವಾರು ರೊಟ್ಟಿ ಮುಟ್ಟಲಾರ್ದ ಹಿಂಗ ಹೋಗಿಬಿಟ್ರ ನಾ ದೇವ್ರಿಗೆ ಏನಂತ ಮಾರಿ ತೋರಿಸ್ಲಿ?”

“ಅಕ್ಕನ ಕೂಡ ನೀನ ಒಂದ್ ಮಾತು ಆಡು.”

“ನಾ ಯಾಕ? ಡಾಕ್ಟರ್ ಹೇಳಿದ್ದು ಮಾಡೀನಿ. ತಪ್ಪು ಯಾರದೈತಿ?”

ಅಕ್ಕನಿಗೂ ಹೆಂಡತಿಗೂ ನಡುವೆ ಸಿಕ್ಕ ಕಂಡಕ್ಟರು ಎರಡು ಕಡೆಗೂ ಸೀಟಿ ಹೊಡೆಯಲಾರ.

ನಮ್ಮ ದುರದೃಷ್ಟಕ್ಕೆ ಮತ್ತಾಯನ ಐದನೆಯ ಅಧ್ಯಾಯ ಅದೇ ದಿನಗಳಲ್ಲಿ ಬಂತು. ನೀವು ಭೂಮಿಗೆ ಉಪ್ಪಾಗಿದ್ದೀರಿ ಎಂಬ ಭಾಗವನ್ನು ನಾನು ಓದಿದ ಸಂಜೆ ಅಪ್ಪ ಗೋಡೆ ನೋಡಿದ, ಅಮ್ಮ ಬೇಳೆ ನೋಡಿದಳು, ಅಜ್ಜಿ ಮೊದಲ ಸಲ ‘ನಾಳಿಗೇನು’ ಎಂದು ಕೇಳುವುದನ್ನೇ ಮರೆತಳು. ಮುಂದಿನ ಪುಟವನ್ನು ಕದ್ದು ನೋಡುವ ಚಟ ನನಗಿದ್ದರಿಂದ, ಉಪ್ಪಿಗಿಂತ ದೊಡ್ಡದು ಕಾದಿದೆ ಎಂದು ಗೊತ್ತಾಗಿತ್ತು. ಅದೂ ಬಂತು. ನೀನು ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆ ಎಂಬುದು ಅಲ್ಲಿ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು. ಮೊದಲು ಅವನ ಕೂಡ ಒಂದಾಗು, ಆಮೇಲೆ ಬಂದು ಕೊಡು ಎನ್ನುವ ಭಾಗ. ಎಷ್ಟು ಮೆಲ್ಲಗೆ ಓದಲು ಸಾಧ್ಯವೋ ಅಷ್ಟು ಮೆಲ್ಲಗೆ ಓದಿದೆ. ಗೋಡೆಯಾಚೆಯ ಮಗ್ಗ ಆವತ್ತೇ ಯಾಕೆ ಅಷ್ಟು ಬೇಗ ನಿಂತಿತ್ತೋ.

“ನಾಳಿಗೇನು?” ಎಂದಳು ಅಜ್ಜಿ. ದನಿ ಸಣ್ಣದಾಗಿತ್ತು.

ನಾನು ತಪ್ಪಿಸಿಕೊಳ್ಳುವ ದಾರಿ ಹುಡುಕಿದೆ.

“ನಾಳಿಗೆ ಏನಿಲ್ಲಜ್ಜಿ. ಕಾಣಿಕಿ ಒಯ್ಯೋದು ಭಾನುವಾರ.”

ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಹೊಸ್ತಿಲಲ್ಲಿ ಕೂತಿದ್ದ ಅಮ್ಮ ಸೌಟು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ನಾನು ದಿನ ನಿಗದಿ ಮಾಡಿ ಕೊಟ್ಟಿದ್ದೆ.

ಆ ಭಾನುವಾರ ಸುಗ್ಗಿಯ ಕೃತಜ್ಞತೆಯ ಹಬ್ಬ. ಕೊತ್ತಪಲ್ಲಿ ಕಡೆಯವರು ತೊಗರಿ ತಂದಿದ್ದರು, ಯಾರೋ ಕುಂಬಳಕಾಯಿ, ಯಾರೋ ಮೊಟ್ಟೆ. ದಾಮರಗಿದ್ದದ ಒಬ್ಬ ಹೆಂಗಸು ಪ್ರತಿ ವರ್ಷದಂತೆ ಒಂದು ಕೆಂಪು ಕೋಳಿ ತಂದು, ಸೀರೆಯ ಅಂಚು ಹರಿದು ಅದರ ಕಾಲನ್ನು ಬೆಂಚಿಗೆ ಕಟ್ಟಿದ್ದಳು. ಮೊದಲು ಕಾಣಿಕೆ, ಆಮೇಲೆ ಪ್ರಭುವಿನ ಭೋಜನ, ಆಮೇಲೆ ಬೇವಿನ ಮರದಡಿ ಎಲ್ಲದರ ಹರಾಜು. ಅದು ಅಲ್ಲಿನ ಕ್ರಮ. ನಮ್ಮ ಸರದಿ ಬಂದಾಗ ಅಮ್ಮ ಜೋಳದ ಸಣ್ಣ ಚೀಲ ಹಿಡಿದು ಮುಂದೆ ಹೋದಳು. ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ನೆಲದ ಮೇಲೆ ಇಟ್ಟಳು. ಪಾಸ್ಟರು ಆಶೀರ್ವಾದಕ್ಕೆ ಕೈ ಎತ್ತಿದರು. ಅವರನ್ನು ನಾವೆಲ್ಲ ತೆಲುಗಿನಲ್ಲಿ ಅಯ್ಯಗಾರು ಎನ್ನುತ್ತಿದ್ದೆವು. ಅಮ್ಮ ಆಶೀರ್ವಾದಕ್ಕೆ ನಿಲ್ಲದೆ ತಿರುಗಿ ಬಂದು ನನ್ನ ರಟ್ಟೆ ಹಿಡಿದಳು.

“ಏಮ್ಮಾ, ಎಕ್ಕಡಿಕಿ?” ಎಂದು ಎಲ್ಲಿಗೆ ಹೊರಟಳೆಂದು ಕೇಳಿದರು ಅಯ್ಯಗಾರು, ಎತ್ತಿದ ಕೈ ಎತ್ತಿದಂತೆಯೇ.

“ಮಕ್ತಲ್ ಪೋಯಿ ವಸ್ತಾನಯ್ಯಗಾರು,” ಎಂದಳು ಅಮ್ಮ, ನಲ್ಲಿಗೆ ಹೋಗಿ ಬರುತ್ತೇನೆ ಎನ್ನುವಂತೆ. ಅಜ್ಜಿಯ ಬಳಿ ಬಗ್ಗಿ ಕನ್ನಡದಲ್ಲಿ ಹೇಳಿದಳು: “ಅವ್ವಾರ, ಆ ಚೀಲ ನೋಡ್ಕೊಂಡಿರ್ರಿ. ಇನ್ನಾ ಕೊಟ್ಟಿಲ್ಲ, ಇಟ್ಟೀನಷ್ಟ. ಬಂದು ಕೊಡ್ತೀನಿ.”

ಅಜ್ಜಿ ಅಮ್ಮನ ಕೈ ಹುಡುಕಿ ಹಿಡಿದು, ಬಿಟ್ಟಳು. ಹೊರಗೆ ಬಂದ ಮೇಲೆ ನಾನು ಕೇಳಿದೆ.

“ನಾ ಯಾಕ ಬರಬೇಕಮ್ಮಾ?”

“ಓದಿದಾಕಿ ನೀನ. ನಡಿ.”

ಬಸ್ಸು ಅಪ್ಪನದೇ ಆಗಿತ್ತು. ಅವನು ನಮ್ಮನ್ನು ಕಂಡು ಏನೂ ಕೇಳಲಿಲ್ಲ. “ಮಕ್ತಲ್, ಒಂದೂವರಿ,” ಎಂದಳು ಅಮ್ಮ, ಗುರುತಿಲ್ಲದವನಿಗೆ ಹೇಳುವಂತೆ. ಅವನು ಗುರುತಿಲ್ಲದವನಂತೆ ಹರಿದುಕೊಟ್ಟ. ಎರಡು ಊರು ದಾಟಿದ ಮೇಲೆ ನಮ್ಮ ಸೀಟಿನ ಬಳಿ ಬಂದು ಕಂಬಿ ಹಿಡಿದು, ಕಿಟಕಿಯಾಚೆ ನೋಡುತ್ತ ಹೇಳಿದ:

“ಬಸ್ಸು ಮಕ್ತಲ್‌ನ್ಯಾಗ ಜರಾ ಹೊತ್ತು ನಿಲ್ತೈತಿ. ಅಕ್ಕ ಬಾಗ್ಲಾ ತಗೀಲಿಲ್ಲಂದ್ರ ಬಂದು ಕುಂದರ್ರಿ. ಗದ್ವಾಲ್ ನೋಡ್ಕೊಂಡು ಬರೋಣು.”

ಅಮ್ಮನಿಗೆ ಆ ಮಾತಿನಿಂದ ಎಷ್ಟು ಬಲ ಬಂತೋ ತಿಳಿಯದು, ಅವಳು ಸೆರಗಿನ ಕೊನೆಯಿಂದ ಕಣ್ಣೊರೆಸಿಕೊಂಡದ್ದನ್ನು ಮಾತ್ರ ನೋಡಿದೆ. ಗದ್ವಾಲಿನ ಕೂಟದಲ್ಲಿ ಕಥೆ ಇಲ್ಲಿಗೆ ಬಂದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: ಉಪ್ಪಿನ ವಿಷಯದಲ್ಲಿ ನಿಮ್ಮಮ್ಮನದು ತಪ್ಪೇ ಇಲ್ಲವಲ್ಲ, ಅವರ್ಯಾಕೆ ಹೋಗಬೇಕು? ನಾನೂ ಬಹಳ ವರ್ಷ ಇದನ್ನೇ ಯೋಚಿಸಿದ್ದೇನೆ. ಆ ಭಾಗವನ್ನು ಎಷ್ಟು ಸಲ ತಿರುವಿ ಹಾಕಿದರೂ ತಪ್ಪು ಯಾರದೆಂಬ ಪ್ರಶ್ನೆ ಅಲ್ಲಿಲ್ಲ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದೂ ಇಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ, ಹೋಗು, ಅಷ್ಟೆ. ನ್ಯಾಯ ನಿನ್ನ ಕಡೆ ಇದೆಯೆಂಬುದು ಮನೆಯಲ್ಲಿ ಕೂರಲು ಕಾರಣವಾಗುವುದಿಲ್ಲ. ನ್ಯಾಯ ಇಟ್ಟುಕೊಂಡು ಕೂತವರ ಮನೆಗಳನ್ನು ಆಮೇಲೆ ನಾನು ಬೇಕಾದಷ್ಟು ನೋಡಿದ್ದೇನೆ. ಅಮ್ಮ ಇಷ್ಟೆಲ್ಲ ಯೋಚಿಸಿರಲಿಕ್ಕಿಲ್ಲ. ವಿಧೇಯತೆ ಅವಳಿಗೆ ಅನ್ನಕ್ಕೆ ನೀರಿಡುವಂಥ ಕೆಲಸ, ಹೊತ್ತಾಯಿತೆಂದರೆ ಏಳುವುದು. ಯೋಚಿಸುವ ಕೆಲಸವನ್ನು ನನಗೆ ಬಿಟ್ಟಿದ್ದಳು, ನಾನು ಈಗಲೂ ಮಾಡುತ್ತಿದ್ದೇನೆ.

ಅತ್ತೆಯ ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ. ಬಾಗಿಲು ತೆರೆದೇ ಇತ್ತು; ಆ ಸಾಧ್ಯತೆಯೊಂದನ್ನು ನಾನು ಯೋಚಿಸಿರಲಿಲ್ಲ. ಅತ್ತೆ ಕಾಲು ಚಾಚಿ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನಮ್ಮಿಬ್ಬರ ಹಿಂದೆ ಇನ್ನಾರಾದರೂ ಇದ್ದಾರೆಯೇ ಎಂದು ನೋಡಿದಳು.

“ಎಲ್ಲ್ಯಾಳ ಅವ್ವ? ಬಿಟ್ಟು ಹೋಗಾಕ ಬಂದೀಯೇನು? ಬಸ್ಸಿನ್ಯಾಗ ಕುಂದ್ರಿಸಿ ಬಂದಿ?”

ನಾನು ಬಸ್ಸಿನ ಕಡೆ ಒಂದು ಕಿವಿ ಇಟ್ಟೆ. ಅಮ್ಮ ಹೊಸ್ತಿಲಾಚೆಯೇ ನಿಂತಿದ್ದಳು.

“ಇಲ್ಲರಿ ಅಕ್ಕಾ. ಅವ್ವಾರು ಚರ್ಚಿನ್ಯಾಗ ಅದಾರ. ನನ್ನ ಕಾಣಿಕಿ ಮೇಜಿನ ಮುಂದ ಬಿಟ್ಟು ಬಂದೀನಿ. ನೀವು ಮಾತಾಡಿದ್ರ ಹೋಗಿ ಕೊಡ್ತೀನಿ. ಇಲ್ಲಂದ್ರ ಅದು ಅಲ್ಲೇ ಇರ್ತೈತಿ.”

ಅತ್ತೆಗೆ ಆ ಭಾಗ ಬಾಯಿಪಾಠ. ಮೊರ ನಿಂತಿತು.

“ನಡುವ ಆರಾಧನಿ ಬಿಟ್ಟು ಎದ್ದು ಬಂದಿ? ಅಯ್ಯಗಾರು ಸುಮ್ನ ಬಿಟ್ರಾ?”

“ನಾ ಕೇಳ್ಲಿಲ್ಲ.”

“ನೀ ಯಾವತ್ತು ಕೇಳೀದಿ,” ಎಂದಳು ಅತ್ತೆ. ಬೈಗುಳದಂತೆಯೇ ಇತ್ತು, ಆದರೆ ಬಾಯಿಯ ಮೂಲೆ ಸ್ವಲ್ಪ ಅಲುಗಿತು.

“ನಾ ಆ ಮಾತು ಅನ್ನಬಾರ್ದಿತ್ರಿ. ಅವ್ವಾರಿಗೆ ಕೇಳ್ಸೈತಿ ಅದು. ಅವತ್ತಿಂದ ಅವರು ಪ್ರಭುವಿನ ರೊಟ್ಟಿ ಮುಟ್ಟಿಲ್ಲ.”

ಅತ್ತೆಗೆ ಇದು ಗೊತ್ತಿರಲಿಲ್ಲ. ಡಬ್ಬಿ ಒಯ್ಯುವ ಅಪ್ಪ ಇದನ್ನು ಒಯ್ದಿರಲಿಲ್ಲ. ಅವಳು ಮೊರವನ್ನು ಪಕ್ಕಕ್ಕಿಟ್ಟಳು.

“ನಿನ್ನ ಮಾತು ಅವ್ವಗ ಕೇಳ್ಸಿತು. ನನ್ನ ಮಾತು ಊರಿಗೇ ಕೇಳ್ಸಿತು,” ಎಂದಳು. ಆಮೇಲೆ, “ಒಳಗ ಬಾ. ಹುಡುಗಿ ಮಾರಿ ಬಾಡೈತಿ.”

ರೊಟ್ಟಿ, ಬದನೆಕಾಯಿ ಪಲ್ಯ. ನಾನು ತಿಂದೆ, ಅವರಿಬ್ಬರೂ ನನ್ನ ತಟ್ಟೆಯನ್ನೇ ನೋಡುತ್ತ ಕೂತರು.

“ಉಪ್ಪು ಬಿಟ್ಟ ಮ್ಯಾಲ ಅವ್ವನ ಕಾಲು ಹೆಂಗದಾವು?” ಎಂದಳು ಅತ್ತೆ.

“ಬಾವು ಇಳದೈತ್ರಿ. ರಾತ್ರಿ ಚಲೋ ನಿದ್ದಿ ಮಾಡ್ತಾರ.”

“ಅದ್ನ ಅವತ್ತ ಹೇಳಬಾರ್ದಿತ್ತಾ?”

“ನೀವು ಅವತ್ತ ಕೇಳಬಾರ್ದಿತ್ತಾ, ಅಕ್ಕಾ?”

ಮತ್ತೆ ಶುರುವಾಯಿತೆಂದು ನಾನು ತುತ್ತು ನಿಲ್ಲಿಸಿದೆ. ಅತ್ತೆ ಎದ್ದು ಗೂಟದ ಮೇಲಿನ ಒಳ್ಳೆಯ ಸೀರೆ ತೆಗೆದುಕೊಂಡಳು. ತಾನೂ ಬರುತ್ತೇನೆಂದು ಬಾಯಿಬಿಟ್ಟು ಹೇಳಲಿಲ್ಲ.

ಗದ್ವಾಲಿನಿಂದ ತಿರುಗಿ ಬಂದ ಬಸ್ಸಿನಲ್ಲಿ ಅಪ್ಪ ನಮ್ಮನ್ನು ನೋಡಿದ. ಕಿಟಕಿಯ ಪಕ್ಕ ನಾನು, ಆಮೇಲೆ ಅಮ್ಮ, ಆಮೇಲೆ ಅತ್ತೆ. ಟಿಕೆಟ್ ಹರಿದು ಕೊಟ್ಟವನೇ ಮುಂದೆ ಹೋಗಿ ಡ್ರೈವರಿನ ಹಿಂದೆ ನಿಂತು, ಸುಮಾರು ಹೊತ್ತು ಈ ಕಡೆ ಮುಖ ತಿರುಗಿಸಲಿಲ್ಲ. ಅತ್ತೆ ಅಮ್ಮನ ಕಿವಿಯಲ್ಲಿ, ಉಪ್ಪು ತಿನ್ನದ ಮನೆಯಲ್ಲಿ ತನ್ನ ಉಪ್ಪಿನಕಾಯಿ ಹೇಗೆ ಖರ್ಚಾಗುತ್ತಿತ್ತೆಂದು ಕೇಳಿದಳು. ಅಮ್ಮ ಡ್ರೈವರನ್ನೂ ಕಂಡಕ್ಟರನ್ನೂ ಗದ್ದದಿಂದ ತೋರಿಸಿದಳು.

ನಾರಾಯಣಪೇಟೆಗೆ ಬಂದಾಗ ಬೇವಿನ ಮರದ ನೆರಳು ರಸ್ತೆಯವರೆಗೆ ಚಾಚಿತ್ತು. ಹರಾಜು ಮುಗಿದು ಜನ ಮನೆಗೆ ಹೋಗಿದ್ದರು. ಅಜ್ಜಿ ಮಾತ್ರ ಎದ್ದಿರಲಿಲ್ಲ. ಸೊಸೆ ಇಟ್ಟದ್ದನ್ನು ಯಾರೂ ಮುಟ್ಟಬಾರದೆಂದು ಕೋಲು ಅಡ್ಡ ಇಟ್ಟುಕೊಂಡು ಕೂತವಳು, ಕಂಬಕ್ಕೆ ಒರಗಿ, ಬಾಯಿ ಅರ್ಧ ತೆರೆದು ನಿದ್ದೆಹೋಗಿದ್ದಳು. ನನ್ನ ಪಟ್ಟಿಯಲ್ಲಿದ್ದ ಅತಿ ಕೆಟ್ಟದ್ದೇ ಆಗಿದೆ ಎಂದು ನಾನು ಬಾಗಿಲಲ್ಲೇ ಕಲ್ಲಾದೆ. ಅತ್ತೆ ಹೋಗಿ ಅವಳ ಪಾದ ಹಿಡಿದಳು. ಬಾವಿಲ್ಲದ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

“ಅವ್ವಾ.”

ಅಜ್ಜಿ ಕಣ್ಣು ಬಿಟ್ಟು, ಒಂದು ಕೈಯಿಂದ ಮಗಳ ಮುಖ ತಡವಿ, ಇನ್ನೊಂದು ಕೈಯನ್ನು ಗಾಳಿಯಲ್ಲಿ ಚಾಚಿದಳು, ಅಮ್ಮನ ಸೆರಗು ಸಿಗುವವರೆಗೆ.

“ಇಬ್ರೂ ಉಂಡ್ರೇನು?”

ಅಯ್ಯಗಾರು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದರು. ಬಿಳಿ ಬಟ್ಟೆಯ ಕೆಳಗೆ ಒಂದು ತುಂಡು ರೊಟ್ಟಿ, ಸಣ್ಣ ಲೋಟದಲ್ಲಿ ದ್ರಾಕ್ಷಾರಸ ಉಳಿದಿತ್ತು. ಮಗಳೂ ಸೊಸೆಯೂ ಬರುತ್ತಾರೆ, ಆಮೇಲೆ ತೆಗೆದುಕೊಳ್ಳುತ್ತೇನೆಂದು ಅಜ್ಜಿಯೇ ಇಡಿಸಿದ್ದಳಂತೆ. ಅಮ್ಮ ಒಂದು ಕಡೆ, ಅತ್ತೆ ಒಂದು ಕಡೆ ಹಿಡಿದು ನಿಲ್ಲಿಸಿದರು. ಅಜ್ಜಿ ಎರಡೂ ಕೈ ಬೊಗಸೆ ಮಾಡಿ ರೊಟ್ಟಿ ತೆಗೆದುಕೊಂಡು, ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಳು. ಬೇಗ ಕರಗಿಬಿಡಬಾರದೆಂದು ಇರಬೇಕು.

ಇನ್ನು ಕಾಣಿಕೆ ಕೊಡಬಹುದೆಂದು ಅಯ್ಯಗಾರು ಕೈ ಎತ್ತಿದರು. ಬೆಳಗ್ಗೆ ಅರ್ಧಕ್ಕೆ ನಿಂತಿದ್ದ ಆಶೀರ್ವಾದ ಅವರಲ್ಲಿ ಹಾಗೆಯೇ ಉಳಿದಿತ್ತು. ಅಮ್ಮ ಬಗ್ಗಿ ಚೀಲ ಎತ್ತಿದಳು. ಅದು ಬಟ್ಟೆಯಷ್ಟೇ ಹಗುರವಾಗಿ ಮೇಲೆ ಬಂತು. ಹಿಂದಿನ ಮೂಲೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಮೇಜಿನಡಿಯಲ್ಲಿ ದಾಮರಗಿದ್ದದ ಕೆಂಪು ಕೋಳಿ ಕಾಲಿಗೆ ಸೀರೆಯ ಅಂಚು ಸಿಕ್ಕಿಸಿಕೊಂಡೇ ಕೂತಿತ್ತು. ಹರಾಜಿನಲ್ಲಿ ಅದನ್ನು ಕೊಂಡಿದ್ದ ಅಯ್ಯಗಾರರ ಹೆಂಡತಿ ಸಂಜೆ ಒಯ್ಯೋಣವೆಂದು ಬೆಂಚಿಗೇ ಬಿಟ್ಟಿದ್ದರು. ಅದು ಕಟ್ಟು ಬಿಚ್ಚಿಕೊಂಡು, ಅವರ ಹಿತ್ತಲಿನ ಉಳಿದ ಕೋಳಿಗಳನ್ನೂ ಊಟಕ್ಕೆ ಕರೆದಿತ್ತು. ಅವು ತಿಂದು ಹೋಗಿದ್ದವು, ಇದು ಎದ್ದು ಹೋಗಲಾರದಷ್ಟು ತಿಂದಿತ್ತು.

ವಿಷಯವನ್ನು ಅಜ್ಜಿಗೆ ನಾನೇ ಹೇಳಬೇಕಾಯಿತು.

“ಬೈಬ್ಯಾಡ್ರಿ ಅದನ್ನ,” ಎಂದಳು ಅಜ್ಜಿ. “ನನಗ ನಿದ್ದಿ ಬಂದಿತ್ತು, ಅದಕ್ಕ ಹಸಿವಾಗಿತ್ತು. ಎಷ್ಟು ಉಳದೈತಿ ನೋಡ್ರಿ.”

ಅತ್ತೆ ಚೀಲ ಹಿಡಿದಳು, ಅಮ್ಮ ಕೈ ಹಾಕಿ ಮೂಲೆ ಮೂಲೆ ತಡಕಿ ತೆಗೆದಳು. ಒಂದು ಹಿಡಿ. ಅದನ್ನು ಅಜ್ಜಿಯ ಕೈಗೆ ಸುರಿದಳು, ಅಜ್ಜಿ ಮೇಜಿನ ಮೇಲೆ ಇಟ್ಟಳು, ಅಯ್ಯಗಾರು ಆಶೀರ್ವಾದ ಪೂರ್ತಿ ಮಾಡಿದರು. ನಾನು ಅಷ್ಟು ಕಷ್ಟಪಟ್ಟು ಯೋಚಿಸಿಟ್ಟಿದ್ದ ಅನಾಹುತಗಳಲ್ಲಿ ಒಂದೂ ಆಗಲಿಲ್ಲ. ಆದದ್ದು, ನನ್ನ ಯೋಚನೆಯ ಹತ್ತಿರಕ್ಕೂ ಬಂದಿರದಿದ್ದ ಒಂದು ಕೋಳಿ ಹೊಟ್ಟೆ ತುಂಬ ಜೋಳ ತಿಂದದ್ದು ಮಾತ್ರ.